ಅಂಗಡಿಯ ಕಂಪ್ಯೂಟರ್ ಕಾಯುವುದು ಎಲ್ಲಿ?

ವ್ಯಾಪಾರಕ್ಕೆಂದು ಕಂಪ್ಯೂಟರ್ ಕೊಳ್ಳಲು ಹೊರಟವರು ಈ ಭಾಷಣಮಾಲಿಕೆಗೆ ಬರೆಯುವ ಪತ್ರಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಐ3 ಸಾಕೇ, ಐ5 ಬೇಕೇ, ಸಾಲವಾದರೂ ಸರಿ ಎಂದು ಐ7 ತೆಗೆದುಕೊಳ್ಳುವುದು ಲೇಸೇ? ಅಡಿಕೆ ಮಂಡಿಯವರು, ಜವಳಿ ಅಂಗಡಿಯವರು, ಔಷಧಿ ಅಂಗಡಿಯವರು, ಹತ್ತಾರು ಅಂಗಡಿಗಳ ಲೆಕ್ಕ ಬರೆದುಕೊಡುವವರು, ಮುದ್ರಣಾಲಯದವರು ಹೀಗೆ ಕೇಳುವವರು ಬೇರೆ ಬೇರೆಯಾದರೂ ಅವರ ಕಳವಳದ ಹಿಂದಿರುವ ಅನುಭವ ಬೇರೆಯಲ್ಲ. ನಾಲ್ಕೈದು ವರ್ಷಗಳ ಹಿಂದೆ ಕೊಂಡ ಯಂತ್ರ ಈಗ ಒಂದು ಬಿಲ್ ತೆರೆಯಲು ಏದುಸಿರು ಬಿಡುತ್ತದೆ, ಎದುರಿಗೆ ಗಿರಾಕಿ ಚೀಲ ಹಿಡಿದು ನಿಂತಿರುತ್ತಾನೆ, ಹೊಸದಕ್ಕೂ ಇದೇ ಗತಿಯಾದರೆ ಏನು ಮಾಡುವುದೆಂಬ ಅಂಜಿಕೆ ಒಳಗೊಳಗೇ ಕಾಡುತ್ತಿರುತ್ತದೆ. ಜಿಎಸ್‌ಟಿ ಜಾರಿಗೆ ಬಂದ 2017ರ ಜುಲೈ 1ರಿಂದೀಚೆಗೆ ಕಂಪ್ಯೂಟರಿನ ಪರಿಚಯವಿಲ್ಲದ ವರ್ತಕರು ವಿರಳವಾದ್ದರಿಂದ ಅದರ ಪ್ರಾಥಮಿಕ ಪಾಠವನ್ನು ಇಲ್ಲಿ ಒಪ್ಪಿಸಬೇಕಾಗಿಲ್ಲ. ಹೇಳಬೇಕಾಗಿರುವುದು ಇಷ್ಟೇ: ಐ3, ಐ5, ಐ7 ಎಂಬ ಪ್ರಶ್ನೆ ಮೊದಲನೆಯ ಪ್ರಶ್ನೆಯಲ್ಲ. ಅಂಗಡಿಯ ಕೆಲಸ ನಡೆಯುವಾಗ ಯಂತ್ರ ಎಲ್ಲಿ ಕಾಯುತ್ತ ಕೂರುತ್ತದೆ ಎಂಬುದು ಮೊದಲನೆಯ ಪ್ರಶ್ನೆ.

ಹಳೆಯ ಮಂಡಿಯೊಂದರ ವ್ಯವಸ್ಥೆಗೆ ಹೋಲಿಸಿದರೆ ಈ ಮಾತು ಬೇಗ ತಿಳಿಯುತ್ತದೆ. ಐ3, ಐ5, ಐ7 ಮುಂತಾದ ಹೆಸರಿನ ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಚಿಪ್, ಗಾದಿಯ ಮೇಲೆ ಕುಳಿತ ಗುಮಾಸ್ತನಿದ್ದಂತೆ; ರ‍್ಯಾಮ್, ಅಂದರೆ ವಿದ್ಯುತ್ ಇರುವಷ್ಟು ಹೊತ್ತು ಮಾತ್ರ ನೆನಪಿಟ್ಟುಕೊಳ್ಳುವ ಸ್ಮರಣೆ, ಅವನ ಮುಂದಿರುವ ಡೆಸ್ಕಿನಂತೆ; ವಿದ್ಯುತ್ ಹೋದರೂ ಮಾಹಿತಿಯನ್ನು ಉಳಿಸಿಕೊಳ್ಳುವ ಡಿಸ್ಕ್, ಹಿಂದಿನ ಕೋಣೆಯಲ್ಲಿ ಕಿರ್ದಿ ಪುಸ್ತಕಗಳನ್ನು ಜೋಡಿಸಿಟ್ಟ ಕಪಾಟಿನಂತೆ. ಗುಮಾಸ್ತ ಎಷ್ಟೇ ಚುರುಕಾಗಿದ್ದರೂ ಪ್ರತಿಯೊಂದು ಖಾತೆಗೂ ಎದ್ದು ಹಿಂದಿನ ಕೋಣೆಗೆ ಹೋಗಿ, ಪುಸ್ತಕ ಹುಡುಕಿ, ಪುಟ ತಿರುವಿ ಬರಬೇಕಾದರೆ, ಅವನ ಚುರುಕು ಗಿರಾಕಿಯ ಕಣ್ಣಿಗೆ ಕಾಣುವುದಿಲ್ಲ. ಇಂಥ ಮಂಡಿಯ ಮಾಲೀಕ ಇನ್ನೂ ಹೆಚ್ಚು ಸಂಬಳ ಕೊಟ್ಟು ಇನ್ನೂ ಚುರುಕಾದ ಗುಮಾಸ್ತನನ್ನು ತಂದು ಕೂರಿಸಿದರೆ ಕಾಯುವ ಹೊತ್ತು ಕಡಿಮೆಯಾಗುವುದಿಲ್ಲ, ಸಂಬಳದ ಖರ್ಚು ಮಾತ್ರ ಹೆಚ್ಚುತ್ತದೆ. ಐ7ಕ್ಕೆ ಹಣ ಸುರಿದು ಹಳೆಯ ಬಗೆಯ ಡಿಸ್ಕನ್ನೇ ಉಳಿಸಿಕೊಳ್ಳುವವರು ಮಾಡುವುದು ಇದನ್ನೇ.

ಐ7 ಎಂಬ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಿ ಮುಂದೆ ಹೋಗಬೇಕು, ಏಕೆಂದರೆ ಬಳಸಿದ ಯಂತ್ರಗಳನ್ನು ಮಾರುವ ಕಡೆಗಳಲ್ಲಿ ಈ ಒಂದೇ ಹೆಸರಿನ ಬಲದಿಂದ ಎಷ್ಟೋ ವ್ಯಾಪಾರ ಕುದುರುತ್ತದೆ. ಹೆಸರಿನ ಮುಂದೆ ಬರುವ ಅಂಕಿಗಳಲ್ಲಿ ಕೊನೆಯ ಮೂರನ್ನು ಬಿಟ್ಟು ಉಳಿದದ್ದು ಡೆಸ್ಕ್‌ಟಾಪ್ ಚಿಪ್ಪಿನ ತಲೆಮಾರನ್ನು ಸೂಚಿಸುತ್ತದೆ. 2012ರಲ್ಲಿ ಬಂದ ಐ7-3770 ಮೂರನೆಯ ತಲೆಮಾರಿನದು, 2022ರಲ್ಲಿ ಬಂದ ಐ3-12100 ಹನ್ನೆರಡನೆಯ ತಲೆಮಾರಿನದು. ಎರಡರಲ್ಲಿಯೂ ಲೆಕ್ಕ ಮಾಡುವ ಕೋರುಗಳು ನಾಲ್ಕೇ, ಆದರೆ ಹತ್ತು ವರ್ಷ ಕಿರಿಯದಾದ ಐ3 ಹಿರಿಯ ಐ7ನ್ನು ಬಹಳ ಹಿಂದೆ ಹಾಕುತ್ತದೆ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸವನ್ನೂ ಮಾಡುತ್ತದೆ. ಅಂಗಡಿಯ ಬಿಲ್, ದಾಸ್ತಾನು, ತೆರಿಗೆ ವಿವರಗಳ ಕೆಲಸಕ್ಕೆ ಈಚಿನ ತಲೆಮಾರಿನ ಐ3 ಅಥವಾ ಅದಕ್ಕೆ ಸಮನಾದ ರೈಜನ್ 3 ಧಾರಾಳವಾಗಿ ಸಾಕು. ಪ್ರೊಸೆಸರಿನ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಕಳೆಯುವುದು ವ್ಯರ್ಥ.

ಹೊತ್ತು ಕಳೆಯಬೇಕಾದದ್ದು ಡಿಸ್ಕಿನ ವಿಷಯದಲ್ಲಿ. ಹಾರ್ಡ್ ಡಿಸ್ಕ್ ಎಂಬುದರ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ತಿರುಗುತ್ತಿರುತ್ತವೆ, ಅವುಗಳ ಮೇಲೆ ಗ್ರಾಮಫೋನಿನ ತೋಳಿನಂಥ ಒಂದು ಸಣ್ಣ ತೋಳು ಒಳಕ್ಕೂ ಹೊರಕ್ಕೂ ಚಲಿಸುತ್ತದೆ, ತೋಳಿನ ತುದಿಯಲ್ಲಿರುವ ಹೆಡ್ ಎಂಬ ಭಾಗ ತಟ್ಟೆಯ ಕಾಂತೀಯ ಗುರುತುಗಳನ್ನು ಓದುತ್ತದೆ, ಬರೆಯುತ್ತದೆ. ಗ್ರಾಮಫೋನಿನ ಮುಳ್ಳು ತಟ್ಟೆಗೆ ತಾಗಿಕೊಂಡಿರುತ್ತದೆ, ಈ ಹೆಡ್ ತಾಗುವುದಿಲ್ಲ. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ಗಾಳಿಯ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120 ಸುತ್ತು. ಕೇಳುವುದಕ್ಕೆ ಇದು ಮಹಾವೇಗ. ಆದರೆ ಬೇಕಾದ ಖಾತೆಯ ಗುರುತು ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು ಹಿಡಿಯುತ್ತದೆ; ತೋಳು ಸರಿಯಾದ ಜಾಡಿಗೆ ಸರಿಯಲು ಇನ್ನೂ ಎಂಟೊಂಬತ್ತು ಪಾಲು ಬೇಕು. ಎರಡೂ ಸೇರಿ ಸುಮಾರು ಹದಿಮೂರು ಪಾಲು. ಹೀಗಾಗಿ ಚದುರಿಬಿದ್ದ ತುಣುಕುಗಳನ್ನು ಒಂದಾದ ಮೇಲೊಂದರಂತೆ ಹುಡುಕಿ ತರಬೇಕಾದಾಗ ಇಂಥ ಡಿಸ್ಕ್ ಸೆಕೆಂಡಿಗೆ ಎಪ್ಪತ್ತೈದು ಎಂಬತ್ತು ತುಣುಕುಗಳಿಗಿಂತ ಹೆಚ್ಚು ತರಲಾರದು.

ಇದೇ ಹದಿಮೂರು ಪಾಲಿನ ಅವಧಿಯಲ್ಲಿ 3 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನ ಗಡಿಯಾರ ಸುಮಾರು 4 ಕೋಟಿ ಸಲ ಮಿಡಿದಿರುತ್ತದೆ, ಅಂದರೆ ಒಂದೊಂದು ತುಣುಕಿಗಾಗಿಯೂ ಗುಮಾಸ್ತ 4 ಕೋಟಿ ಮಿಡಿತಗಳಷ್ಟು ಹೊತ್ತು ಕೈಕಟ್ಟಿ ಕೂತಿರುತ್ತಾನೆ. ಕೆಲಸ ಮಾಡಲು ಗೊತ್ತಿಲ್ಲದೆ ಅಲ್ಲ, ಪುಸ್ತಕ ಬಾರದೆ. ವಿಂಡೋಸ್ ಏಳುವಾಗ, ಲೆಕ್ಕದ ತಂತ್ರಾಂಶ ತೆರೆಯುವಾಗ, ವರ್ಷದ ಕೊನೆಯಲ್ಲಿ ಒಬ್ಬ ರೈತನ ಖಾತೆಯನ್ನು ಮೊದಲಿನಿಂದ ತೆಗೆಸುವಾಗ ಬೇಕಾಗುವುದು ಇಂಥ ಸಾವಿರಾರು ಚದುರಿದ ತುಣುಕುಗಳೇ. ಇನ್ನೊಮ್ಮೆ ಹೇಳುವುದಾದರೆ, ಅಂಗಡಿಯ ಕಂಪ್ಯೂಟರ್ ನಿಧಾನವಾದದ್ದು ಬಹುಪಾಲು ಸಂದರ್ಭಗಳಲ್ಲಿ ಲೆಕ್ಕ ಮಾಡಲಾರದೆ ಅಲ್ಲ, ತಟ್ಟೆ ತಿರುಗಿ ಬರಲಿ ಎಂದು ಕಾಯುತ್ತ ಕುಳಿತದ್ದರಿಂದ.

ತಟ್ಟೆಯನ್ನು ಇನ್ನೂ ಜೋರಾಗಿ ತಿರುಗಿಸಬಾರದೇ ಎಂದು ಯಾರಾದರೂ ಕೇಳಬಹುದು. ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು, ಅವೆಲ್ಲ ಸೇರಿ ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಲ್ಲಿ ಹಿಡಿಸುವ ಒಂದು ಟೆರಾಬೈಟಿನ ಡಿಸ್ಕ್ ಅದರ ಎರಡು ಲಕ್ಷ ಪಟ್ಟು ತುಂಬಿಕೊಳ್ಳುತ್ತದೆ, ಆದರೆ ತಿರುಗುವ ವೇಗ ಹೆಚ್ಚಿದ್ದು ಆರೇ ಪಟ್ಟು. ಕಪಾಟು ಬೆಟ್ಟದಷ್ಟು ಬೆಳೆಯಿತು, ಅದರಿಂದ ಪುಸ್ತಕ ತರುವ ಕಾಲಿನ ಚುರುಕು ಮಾತ್ರ ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. ತಿರುಗುವ ವಸ್ತುವಿಗೆ ಬಿಸಿ, ಸದ್ದು, ಸವೆತಗಳ ಮಿತಿ ಇದ್ದೇ ಇರುತ್ತದೆ; ಆ ಮಿತಿಯನ್ನು ದಾಟುವ ದಾರಿಯೆಂದರೆ ತಿರುಗುವುದನ್ನೇ ಕೈಬಿಡುವುದು. ಎಸ್‌ಎಸ್‌ಡಿ ಮಾಡಿದ್ದು ಅದನ್ನು. ಅದರಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಅತಿಸಣ್ಣ ಕೋಶಗಳಲ್ಲಿ ವಿದ್ಯುತ್ ಆವೇಶವನ್ನು ಕೂಡಿಹಾಕಿ ಮಾಹಿತಿಯನ್ನು ಉಳಿಸುವ ಚಿಪ್ಪುಗಳಷ್ಟೇ ಇರುತ್ತವೆ. ಹದಿಮೂರು ಪಾಲು ಹಿಡಿಯುತ್ತಿದ್ದ ಕೆಲಸ ಅಲ್ಲಿ ಒಂದು ಪಾಲಿನ ಹತ್ತನೆಯ ಒಂದರೊಳಗೆ ಮುಗಿಯುತ್ತದೆ.

ಈ ವ್ಯತ್ಯಾಸವನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ. ಯಂತ್ರ ತಡವರಿಸುತ್ತಿರುವ ಹೊತ್ತಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಪುಟ ತೆರೆಯುತ್ತದೆ, ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಸಾಲುಸಾಲಾಗಿ ಶೇಕಡಾ ಲೆಕ್ಕ ಕಾಣುತ್ತದೆ. ಸಿಪಿಯು ಹತ್ತು ಹದಿನೈದರಲ್ಲಿ ಆರಾಮವಾಗಿದ್ದು ಡಿಸ್ಕಿನ ಅಂಕಿ ನೂರಕ್ಕೆ ಅಂಟಿಕೊಂಡಿದ್ದರೆ ರೋಗ ಎಲ್ಲಿದೆಯೆಂದು ಬೇರೆ ವೈದ್ಯರು ಹೇಳಬೇಕಾಗಿಲ್ಲ. ಇದನ್ನು ನೋಡುವ ಬದಲು ಪರದೆಯ ಖಾಲಿ ಜಾಗದಲ್ಲಿ ಮೌಸ್ ಒತ್ತಿ ಐದಾರು ಬಾರಿ ರಿಫ್ರೆಶ್ ಮಾಡುವುದು ನಮ್ಮ ಕಚೇರಿಗಳಲ್ಲಿ ಗಂಟೆ ಬಾರಿಸಿ ಪೂಜೆ ಮಾಡಿದಷ್ಟೇ ಶ್ರದ್ಧೆಯಿಂದ ನಡೆಯುತ್ತದೆ. ಆ ಆಜ್ಞೆ ಪರದೆಯ ಮೇಲಿನ ಚಿತ್ರಗಳನ್ನು ಮತ್ತೊಮ್ಮೆ ಬಿಡಿಸುತ್ತದೆಯೇ ಹೊರತು ಯಂತ್ರದ ವೇಗವನ್ನು ಕೂದಲೆಳೆಯಷ್ಟೂ ಹೆಚ್ಚಿಸುವುದಿಲ್ಲ. ಇಷ್ಟನ್ನು ಎಷ್ಟು ವರ್ಷಗಳಿಂದ ಹೇಳುತ್ತ ಬಂದರೂ, ಹೇಳಿದವರ ಎದುರೇ ಕೈ ತಾನಾಗಿ ಅಲ್ಲಿಗೆ ಹೋಗುವುದನ್ನು ಈ ಭಾಷಣಕಾರರು ನೋಡುತ್ತಲೇ ಇದ್ದಾರೆ.

ರ‍್ಯಾಮಿನ ಮಾತೂ ಕೊನೆಗೆ ಡಿಸ್ಕಿಗೇ ಬಂದು ಸೇರುತ್ತದೆ. ಡೆಸ್ಕಿನ ಮೇಲೆ ಜಾಗ ಸಾಲದಾದಾಗ ಗುಮಾಸ್ತ ತೆರೆದ ಪುಸ್ತಕವೊಂದನ್ನು ಕಪಾಟಿಗೆ ಒಯ್ದಿಟ್ಟು ಇನ್ನೊಂದನ್ನು ತರುವಂತೆ, ರ‍್ಯಾಮ್ ತುಂಬಿದಾಗ ವಿಂಡೋಸ್ ಅದರ ಒಂದು ಭಾಗವನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ತಟ್ಟೆಯ ಡಿಸ್ಕ್ ಇರುವ ಯಂತ್ರದಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಈ ಓಡಾಟವೇ ದಿನವಿಡೀ ನಡೆಯುತ್ತದೆ. ಬಿಲ್ಲಿನ ಕೆಲಸಕ್ಕೆ 8 ಜಿಬಿ, ಬ್ರೌಸರಿನಲ್ಲಿ ಹತ್ತಾರು ಪುಟಗಳನ್ನು ತೆರೆದಿಟ್ಟುಕೊಂಡು ತೆರಿಗೆ ಸಲ್ಲಿಸುವವರಿಗೆ 16 ಜಿಬಿ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಡೆಸ್ಕಿನ ಮೇಲೆ ಖಾಲಿ ಜಾಗ ಉಳಿಯುತ್ತದೆ, ಗುಮಾಸ್ತನ ಕೈ ಇನ್ನೂ ಬೇಗ ಓಡುವುದಿಲ್ಲ.

ಎಸ್‌ಎಸ್‌ಡಿ ಬೇಗ ಸವೆಯುತ್ತದೆಂಬ ಭಯವನ್ನೂ ಇಲ್ಲಿ ಪರಿಶೀಲಿಸಬೇಕು, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಕೋಶಗಳ ಮೇಲೆ ಅಳಿಸಿ ಬರೆಯುವುದಕ್ಕೆ ಮಿತಿ ಇರುವುದು ನಿಜ. ಹಾಗೆಂದೇ ಒಟ್ಟು ಎಷ್ಟು ಬರೆಯಬಹುದೆಂಬ ಅಂಕಿಯನ್ನು ತಯಾರಕರು ನಮೂದಿಸುತ್ತಾರೆ. 500 ಜಿಬಿ ಸಾಮರ್ಥ್ಯದ ಒಳ್ಳೆಯ ಎಸ್‌ಎಸ್‌ಡಿಗಳಲ್ಲಿ 300 ಟೆರಾಬೈಟ್ ಎಂಬ ಅಂಕಿ ಸಾಮಾನ್ಯ. ಅಂಗಡಿಯ ಯಂತ್ರ ದಿನಕ್ಕೆ 20 ಜಿಬಿಯಷ್ಟು ಬರೆದರೂ ಆ ಮಿತಿ ಮುಟ್ಟಲು 15,000 ದಿನ, ಎಂದರೆ ನಲವತ್ತು ವರ್ಷ ಬೇಕು. ನಿಜವಾದ ಭಯವಿರುವುದು ಬೇರೆ ಕಡೆ. ತಟ್ಟೆಯ ಡಿಸ್ಕ್ ಸಾಯುವ ಮುನ್ನ ಹಲವು ಸಲ ಟಕ್ ಟಕ್ ಎಂದು ಸದ್ದು ಮಾಡಿ, ನಿಧಾನವಾಗಿ, ಎಚ್ಚರಿಕೆ ಕೊಟ್ಟು ಸಾಯುತ್ತದೆ. ಎಸ್‌ಎಸ್‌ಡಿ ನಿನ್ನೆ ಸಂಜೆ ಸರಿಯಾಗಿದ್ದದ್ದು ಇಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಯಂತ್ರಕ್ಕೆ ಕಾಣದೆ ಹೋಗಬಹುದು. ವೇಗ ಕೊಟ್ಟ ವಸ್ತು ಮುನ್ಸೂಚನೆಯನ್ನು ಕೊಡಲೇಬೇಕೆಂದೇನೂ ಇಲ್ಲ.

ಆದ್ದರಿಂದ ಡಿಸ್ಕ್ ಯಾವುದೇ ಇರಲಿ, ನಕಲು ಎಲ್ಲಿದೆ ಎಂಬ ಪ್ರಶ್ನೆ ಉಳಿಯುತ್ತದೆ, ಈ ಪ್ರಶ್ನೆಗೆ ಸಿಗುವ ಉತ್ತರ ಎದೆ ನಡುಗಿಸುವಂಥದ್ದು: ಸಿ ಡ್ರೈವ್‌ನಲ್ಲಿರುವುದನ್ನೆಲ್ಲ ಡಿ ಡ್ರೈವ್‌ಗೂ ಹಾಕಿಟ್ಟಿದ್ದೇವೆ. ಬಹುತೇಕ ಯಂತ್ರಗಳಲ್ಲಿ ಸಿ ಮತ್ತು ಡಿ ಎಂಬುವು ಎರಡು ಡಿಸ್ಕುಗಳಲ್ಲ, ಒಂದೇ ಡಿಸ್ಕಿನ ನಡುವೆ ಎಳೆದ ಗೆರೆಯ ಆಚೆ ಈಚೆ. ಒಂದೇ ಕಪಾಟಿನ ಮೇಲಿನ ಅರೆಯಲ್ಲಿ ಅಸಲನ್ನೂ ಕೆಳಗಿನ ಅರೆಯಲ್ಲಿ ನಕಲನ್ನೂ ಇಟ್ಟು, ಕಪಾಟಿಗೆ ಬೆಂಕಿ ಬಿದ್ದರೂ ಚಿಂತೆಯಿಲ್ಲವೆಂದು ಮಲಗಿದ ಹಾಗೆ. ಡಿಸ್ಕ್ ಕೆಟ್ಟರೆ ಸಿ ಹೋಗುತ್ತದೆ, ಡಿ ಕೂಡ ಹೋಗುತ್ತದೆ. ಸಿ ಹೋಗುತ್ತದೆ, ಡಿ ಕೂಡ ಹೋಗುತ್ತದೆ ಎಂದು ಎರಡು ಸಲ ಹೇಳಿದ್ದು ಬಾಯಿತಪ್ಪಿ ಅಲ್ಲ. ಯಂತ್ರ ನಿಧಾನವಾದ ಕೂಡಲೇ ಬಂದವರು ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುತ್ತಾರೆ. ಫಾರ್ಮ್ಯಾಟ್ ಎಂದರೆ ಆ ಭಾಗದಲ್ಲಿ ಬರೆದಿಟ್ಟದ್ದನ್ನು ಒರೆಸಿ ಹೊಸದಾಗಿ ಆರಂಭಿಸುವುದು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಯಂತ್ರವೇ ಒಳಗಿಂದೊಳಗೆ ಖಾಲಿ ಮಾಡಿಕೊಳ್ಳುವುದರಿಂದ, ಹಾಗೆ ಒರೆಸಿದ ಲೆಕ್ಕವನ್ನು ಆಮೇಲೆ ಹೆಕ್ಕಿ ತರುವುದು ತಟ್ಟೆಯ ಡಿಸ್ಕಿನಲ್ಲಿದ್ದುದಕ್ಕಿಂತ ಬಹಳ ಕಷ್ಟ, ಬಹುಸಲ ಅಸಾಧ್ಯ. ಮಾರ್ಚ್ ಕೊನೆಯ ವಾರದಲ್ಲಿ ಇಂಥ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದವರ ಮುಖಗಳನ್ನು ಈ ಭಾಷಣಕಾರರು ಮರೆಯಲಾರರು; ಅವರಲ್ಲಿ ಯಾರೂ ಅಗ್ಗದ ಯಂತ್ರ ಕೊಂಡವರಲ್ಲ.

ಲೆಕ್ಕಪತ್ರಗಳನ್ನು ಉಳಿಸಿಕೊಳ್ಳುವುದು ವರ್ತಕರ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಲು ಇರುವ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಗಳನ್ನು ಕಾಪಾಡಬೇಕು. ಅಂಗಡಿಯ ಕಂಪ್ಯೂಟರ್ ಅಷ್ಟು ವರ್ಷ ಬಾಳದೆಯೂ ಇರಬಹುದು. ಬಲ್ಲವರು ಪಾಲಿಸುವ ಸೂತ್ರ ಸರಳವಾಗಿದೆ: ಮಾಹಿತಿಯ ಮೂರು ಪ್ರತಿಗಳಿರಬೇಕು, ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಅಂಗಡಿಯ ಹೊರಗಿರಬೇಕು. ಯಂತ್ರದಲ್ಲಿ ಒಂದು, ಹೊರಗಿನಿಂದ ಜೋಡಿಸಿ ತೆಗೆದಿಡುವ ಡಿಸ್ಕಿನಲ್ಲಿ ಒಂದು, ಕ್ಲೌಡ್ ಎಂದು ಕರೆಯುವ ದೂರದ ಸಂಗ್ರಹದಲ್ಲಿ ಒಂದು ಇದ್ದರೆ ಸೂತ್ರ ಪೂರ್ತಿಯಾಗುತ್ತದೆ. ಹೊರಗಿನ ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡಬಾರದು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಂವೇರ್ ಎಂಬ ಹಾವಳಿ, 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹೆಸರಿನಲ್ಲಿ ಜಗತ್ತನ್ನೇ ಕಾಡಿದಂಥದ್ದು, ಯಂತ್ರಕ್ಕೆ ಅಂಟಿಕೊಂಡಿರುವ ನಕಲಿಗೂ ಬೀಗ ಜಡಿಯಬಲ್ಲದು.

ಡಿಸ್ಕಿಗೇ ಹೊತ್ತು ಸಂದುಹೋಯಿತು. ಯಾವ ಬಗೆಯ ಯಂತ್ರ ಎಂಬುದನ್ನು ಇನ್ನು ಬೇಗ ಹೇಳಿ ಮುಗಿಸಬೇಕಾಗಿದೆ. ಒಂದೇ ಕಡೆ ಕುಳಿತು ಬಿಲ್ ಹಾಕುವ ಕೆಲಸಕ್ಕೆ ಡೆಸ್ಕ್‌ಟಾಪ್ ಉತ್ತಮ, ಏಕೆಂದರೆ ಅದರ ಭಾಗಗಳನ್ನು ಒಂದೊಂದಾಗಿ ಬದಲಿಸಬಹುದು, ತಾಲ್ಲೂಕು ಕೇಂದ್ರದಲ್ಲಿಯೂ ರಿಪೇರಿ ಸಿಗುತ್ತದೆ. ಜಾಗ ಚಿಕ್ಕದಾಗಿದ್ದರೆ ಅಂಗೈಯಗಲದ ಮಿನಿ ಪಿಸಿಗಳೂ ಸಾಕು. ಪರದೆಯ ಹಿಂದೆಯೇ ಎಲ್ಲವನ್ನೂ ಅಡಗಿಸಿದ ಆಲ್ ಇನ್ ಒನ್ ನೋಡಲು ಅಂದ, ಆದರೆ ಪರದೆ ಕೆಟ್ಟ ದಿನ ಇಡೀ ಯಂತ್ರವೇ ಅಂಗಡಿ ಬಿಟ್ಟು ಹೋಗುತ್ತದೆ. ಲ್ಯಾಪ್‌ಟಾಪ್ ಓಡಾಡುವವರಿಗೆ ತಕ್ಕದ್ದು, ವಿದ್ಯುತ್ ಹೋದರೆ ಅದರ ಬ್ಯಾಟರಿಯೇ ಕೈಹಿಡಿಯುತ್ತದೆ. ನಾಲ್ಕಾರು ಜನ ಒಂದೇ ಲೆಕ್ಕದಲ್ಲಿ ಕೆಲಸ ಮಾಡುವ ಕಡೆ, ಉದಾಹರಣೆಗೆ ಬೆಂಗಳೂರಿನಲ್ಲಿ ನೆಲೆಯಿರುವ ಸಂಸ್ಥೆಯ ಟ್ಯಾಲಿಯನ್ನು ಹಲವು ಯಂತ್ರಗಳಿಂದ ಬಳಸುವಲ್ಲಿ, ಮಾಹಿತಿ ಇರುವ ಯಂತ್ರದ ಡಿಸ್ಕಿನ ನಿಧಾನ ಎಲ್ಲರ ನಿಧಾನವಾಗುತ್ತದೆ. ಒಂದೇ ಎಸ್‌ಎಸ್‌ಡಿಗೆ ಹಣವಿದ್ದರೆ ಅದು ಮಾಲೀಕರ ಲ್ಯಾಪ್‌ಟಾಪಿಗಲ್ಲ, ಆ ಯಂತ್ರಕ್ಕೆ ಸಲ್ಲಬೇಕು, ಅದಕ್ಕೆ ವೈಫೈ ಬದಲು ತಂತಿಯ ಸಂಪರ್ಕವಿರಬೇಕು. ಯೂನಿಕೋಡ್ ಕನ್ನಡವನ್ನು ಇಂದಿನ ಯಾವ ಯಂತ್ರವಾದರೂ ಬರೆಯುತ್ತದೆ, ಕನ್ನಡಕ್ಕೆಂದು ಹೆಚ್ಚು ಹಣ ಕೇಳಿದರೆ ಕೊಡಬೇಕಾಗಿಲ್ಲ.

ಮುದ್ರಕ ಮತ್ತು ಯುಪಿಎಸ್‌ಗಳನ್ನು ಯಂತ್ರದ ಜೊತೆಯಲ್ಲೇ ಆರಿಸಬೇಕು. ಒಂದೇ ಹೊಡೆತಕ್ಕೆ ಕಾರ್ಬನ್ ಪ್ರತಿಗಳು ಬೇಕಾದ ಮಂಡಿಗೆ ಸೂಜಿಗಳು ಬಡಿದು ಅಚ್ಚೊತ್ತುವ ಡಾಟ್ ಮ್ಯಾಟ್ರಿಕ್ಸ್ ಇಂದಿಗೂ ಸರಿ. ಶಾಖದಿಂದ ಮೂಡುವ ಥರ್ಮಲ್ ಬಿಲ್ ಕಾಲಕ್ರಮದಲ್ಲಿ ಮಾಸುವುದರಿಂದ ಅದನ್ನು ದಾಖಲೆಯೆಂದು ನಂಬಬಾರದು. ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಸಾಕಾಗುತ್ತದೆ, ಆದರೆ ಅದು ಇರುವುದು ಗಂಟೆಗಟ್ಟಲೆ ಕೆಲಸ ಮಾಡಲಿಕ್ಕಲ್ಲ, ಅರ್ಧ ಬರೆದ ಖಾತೆಯನ್ನು ಪೂರ್ತಿ ಬರೆದು ಯಂತ್ರವನ್ನು ಕ್ರಮವಾಗಿ ಮುಚ್ಚಲಿಕ್ಕೆ. ಲೇಸರ್ ಮುದ್ರಕ ಶಾಯಿಪುಡಿಯನ್ನು ಕರಗಿಸಲು ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುವುದರಿಂದ ಅದನ್ನು ಈ ಯುಪಿಎಸ್‌ಗೆ ಸಿಕ್ಕಿಸಲೇಬಾರದು.

ಇನ್ನು ಕೊಳ್ಳುವ ಹೊತ್ತಿನ ಎಚ್ಚರ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು, ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಈಚಿನ ಪ್ರೊಸೆಸರ್ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಹಾಗಾಗಿ ಮೇಲೆ ಹೇಳಿದ ಮೂರನೆಯ ತಲೆಮಾರಿನ ಐ7 ಎಷ್ಟೇ ಅಗ್ಗವಾಗಿ ಸಿಕ್ಕರೂ ಬ್ಯಾಂಕು ಮತ್ತು ತೆರಿಗೆಯ ಕೆಲಸಕ್ಕೆ ತಕ್ಕದ್ದಲ್ಲ. ತಕ್ಕಷ್ಟು ಈಚಿನ ಯಂತ್ರವೊಂದು ಈಗಾಗಲೇ ಮೇಜಿನ ಮೇಲಿದ್ದು ಅದರಲ್ಲಿ ತಟ್ಟೆಯ ಡಿಸ್ಕ್ ಇದ್ದರೆ, ಹೊಸ ಕಂಪ್ಯೂಟರ್ ಕೊಳ್ಳುವ ಅಗತ್ಯವೇ ಇಲ್ಲ. ಡಿಸ್ಕ್ ಬದಲಿಸಿದರೆ ಸಾಕು.

ಈ ಭಾಷಣದಿಂದ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಎಸ್‌ಎಸ್‌ಡಿಯ ಮಾತಾಗಬೇಕಾಗಿಲ್ಲ. ಕೇಳುಗರು ಇಂದು ಅಂಗಡಿಯ ಬಾಗಿಲು ಹಾಕುವ ಮುನ್ನ ಈ ವರ್ಷದ ಲೆಕ್ಕವನ್ನು ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿ, ಆ ಡಿಸ್ಕನ್ನು ಮನೆಗೆ ಒಯ್ದು, ಬೇರೊಂದು ಕಂಪ್ಯೂಟರಿನಲ್ಲಿ ಒಂದು ಬಿಲ್ಲನ್ನಾದರೂ ತೆರೆದು ನೋಡಬೇಕು. ತೆರೆದು ನೋಡದ ನಕಲನ್ನು ನಕಲೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ.